ಕನ್ನಡಕ ತೆಗೆಸಿದವರ ಕಣ್ಣಿನ ಲೆಕ್ಕ



ಲೇಸರ್ ಚಿಕಿತ್ಸೆಯಿಂದ ಕನ್ನಡಕ ತೆಗೆಸುವ ಕೇಂದ್ರಗಳು ಕಣ್ಣಿನ ಹಳೆಯ ಅಳತೆಗಳನ್ನು ರೋಗಿಯ ಕೈಗೆ ಕೊಡದೆ, ಬರಿಯ ಹಣದ ರಸೀದಿ ಕೊಟ್ಟು ಕಳುಹಿಸುವುದು ಅನ್ಯಾಯವೆಂಬುದು ನನ್ನ ವಾದ. 2000ದ ಆಸುಪಾಸಿನಲ್ಲಿ ಲ್ಯಾಸಿಕ್ ಮಾಡಿಸಿಕೊಂಡ ನಿಮ್ಮಲ್ಲಿ ಹಲವರು ಈಗ ಐವತ್ತರ ಹೊಸ್ತಿಲಲ್ಲಿದ್ದೀರಿ. ಮುಂದೊಂದು ದಿನ ಕಣ್ಣಿಗೆ ಪೊರೆ ಬರುತ್ತದೆ. ಈ ಅನ್ಯಾಯದ ಫಲ ಆಗ ತಿಳಿಯುತ್ತದೆ.

ಪೊರೆ ತೆಗೆದ ಮೇಲೆ ಕಣ್ಣಿನೊಳಗೆ ಕೃತಕ ಮಸೂರ ಇಡಬೇಕಷ್ಟೆ. ಅದರ ಶಕ್ತಿ ಎಷ್ಟಿರಬೇಕೆಂಬುದೇ ಕಠಿಣವಾದ ಲೆಕ್ಕ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿಯವರು ಮೊತ್ತಮೊದಲ ಮಸೂರವನ್ನಿಟ್ಟಾಗ ಈ ಲೆಕ್ಕವೇ ತಪ್ಪಿ, ರೋಗಿಗೆ ತೀವ್ರ ಸಮೀಪದೃಷ್ಟಿ ಬಂದಿತ್ತು. ಅನಂತರ ಬಂದ ಎಸ್‌ಆರ್‌ಕೆ ಸೂತ್ರ ನಮ್ಮ ಪ್ರೌಢಶಾಲೆಯ ಮಕ್ಕಳಿಗೂ ಅರ್ಥವಾಗುವಂಥದು: ಮಸೂರಕ್ಕೆ ಗೊತ್ತುಮಾಡಿದ ಒಂದು ಸ್ಥಿರಾಂಕದಿಂದ, ಕಣ್ಣಿನ ಉದ್ದದ 2.5 ಪಟ್ಟನ್ನೂ ಕಾರ್ನಿಯಾದ ಶಕ್ತಿಯ 0.9 ಪಟ್ಟನ್ನೂ ಕಳೆಯಬೇಕು.

ಲೇಸರ್ ಕೆಡಿಸುವುದು ಈ ಕೊನೆಯ ಸಂಖ್ಯೆಯನ್ನು. ಸಾಮಾನ್ಯ ಮಾಪನಯಂತ್ರವು ಕಾರ್ನಿಯಾದ ಮುಂಭಾಗವನ್ನಷ್ಟೇ ಅಳೆದು, ಹಿಂಭಾಗ ಇಷ್ಟಿರಬೇಕೆಂದು ಊಹಿಸುತ್ತದೆ. ಮೈನಸ್ ನಂಬರಿಗೆ ಲೇಸರ್ ಮಾಡಿದಾಗ ಮುಂಭಾಗ ಚಪ್ಪಟೆಯಾಗುತ್ತದೆ, ಹಿಂಭಾಗ ಇದ್ದಂತೆಯೇ ಇರುತ್ತದೆ. ಊಹೆ ಸುಳ್ಳಾಗಿ, ಯಂತ್ರವು ಶಕ್ತಿಯನ್ನು ಹೆಚ್ಚಾಗಿ ತೋರಿಸುತ್ತದೆ. 2 ಡಯಾಪ್ಟರ್ ಹೆಚ್ಚು ತೋರಿಸಿದರೆ ಮಸೂರ 1.8 ಡಯಾಪ್ಟರ್ ಕಡಿಮೆಯಾಗುತ್ತದೆ. ಕನ್ನಡಕ ಬೇಡವೆಂದು ಹಣ ತೆತ್ತವರು ಪ್ಲಸ್ ಕನ್ನಡಕ ಹಾಕಬೇಕಾಗುತ್ತದೆ. ಪ್ಲಸ್ ನಂಬರಿಗೆ ಲೇಸರ್ ಮಾಡಿಸಿದ್ದರೆ ತಪ್ಪು ವಿರುದ್ಧ ದಿಕ್ಕಿನದು.

'ಈಗ ಬ್ಯಾರೆಟ್ ಟ್ರೂ-ಕೆ, ಹೈಗಿಸ್-ಎಲ್ ಮುಂತಾದ ಸೂತ್ರಗಳಿವೆ, ಹಳೆಯ ಕಾಗದ ಏಕೆ?' ಎಂದು ಕೇಳುವವರಿದ್ದಾರೆ. ಆ ಸೂತ್ರಗಳು ಉತ್ತಮವಾದವು, ಹಳೆಯ ಅಳತೆ ಇಲ್ಲದೆಯೂ ನಡೆಯುತ್ತವೆ ಎಂಬುದನ್ನು ಒಪ್ಪುತ್ತೇನೆ. ಆದರೆ ಲೇಸರ್ ಆಗಿದೆಯೆಂದು ವೈದ್ಯರಿಗೆ ತಿಳಿದಿದ್ದರೆ ತಾನೆ ಅವನ್ನು ಬಳಸುವುದು? ಮೈನಸ್ಸಿಗೋ ಪ್ಲಸ್ಸಿಗೋ, ಎಷ್ಟು ನಂಬರು ಇಳಿಸಿದರೋ ಎಂಬುದನ್ನು ರೋಗಿಯೇ ಮರೆತಿದ್ದರೆ? ಒಂದು ಉತ್ತರವನ್ನು ಇನ್ನೊಂದರಿಂದ ತಾಳೆ ನೋಡುವುದು ಗಣಿತದ ಮೊದಲ ಶಿಸ್ತು. ತಾಳೆಗೆ ಬೇಕಾದ ಅಂಕಿಯನ್ನೇ ಬಿಸಾಡುವುದು ಯಾವ ವಿಜ್ಞಾನ?

ನಿಯಮವೂ ನೆರವಿಗೆ ಬಾರದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಲು ಹೇಳುತ್ತದೆ. ಲ್ಯಾಸಿಕ್‌ಗೆ ಬಂದವರು ಅದೇ ದಿನ ಮನೆಗೆ ಹೋಗುತ್ತಾರೆ. ಪೊರೆ ಬರುವುದು ಇಪ್ಪತ್ತು-ಮೂವತ್ತು ವರ್ಷದ ಬಳಿಕ. ನಮ್ಮ ಬಂಧುವೊಬ್ಬರು ಹಳೆಯ ಅಳತೆ ಕೇಳಲು ಹೋದಾಗ, ಆ ಕೇಂದ್ರವಿದ್ದ ಕಟ್ಟಡದಲ್ಲಿ ಬಟ್ಟೆಯಂಗಡಿ ಇತ್ತು.

ಆದ್ದರಿಂದ ಲೇಸರ್‌ಗೆ ಮುಂಚಿನ ಕನ್ನಡಕದ ನಂಬರು, ಕಾರ್ನಿಯಾದ ಅಳತೆ, ಚಿಕಿತ್ಸೆಯ ನಂತರ ಸ್ಥಿರಗೊಂಡ ನಂಬರು, ಇವು ಮೂರನ್ನೂ ಬರೆದ ಹಾಳೆಯನ್ನು ಕೊಡದ ಕೇಂದ್ರಕ್ಕೆ ಪೂರ್ತಿ ಹಣ ಕೊಡಬೇಡಿ. ಹಿಂದೆಯೇ ಮಾಡಿಸಿಕೊಂಡವರು ಈ ವಾರವೇ ಹೋಗಿ ಕೇಳಿರಿ; ಸಿಕ್ಕದಿದ್ದರೆ ಹಳೆಯ ಕನ್ನಡಕದ ಚೀಟಿಯನ್ನಾದರೂ ಹುಡುಕಿಡಿ. ಪೊರೆಯ ವೈದ್ಯರಿಗೆ ಮೊದಲ ಮಾತಿನಲ್ಲೇ 'ನನಗೆ ಲೇಸರ್ ಆಗಿದೆ' ಎಂದು ತಿಳಿಸಿ, ಯಾವ ಸೂತ್ರದಿಂದ ಲೆಕ್ಕ ಹಾಕುವಿರೆಂದು ಸಂಕೋಚವಿಲ್ಲದೆ ಕೇಳಿರಿ. ಪ್ರಶ್ನೆ ಕೇಳುವುದು ಅವಿಧೇಯತೆಯೆಂದು ನಾನು ನಿಮಗೆ ಎಂದೂ ಕಲಿಸಿಲ್ಲ.