ಕಣ್ಣಿಗೆ ಕಾಣದ ಕಾಡಿಗೆ

ಮನೆಯಲ್ಲಿ ಮಗನೋ ಮಗಳೋ ಮೊದಲ ಬಾರಿಗೆ ಒಂದು ಕಥೆಯನ್ನು ಬರೆದು ಹಿರಿಯರ ಮುಂದಿಟ್ಟಾಗ ಬರುವ ಉತ್ತರಗಳು ಸಾಮಾನ್ಯವಾಗಿ ಎರಡೇ. "ಭಲೇ, ಬಹಳ ಚೆನ್ನಾಗಿದೆ!" ಎಂಬುದು ಒಂದು; "ಇದೂ ಒಂದು ಕಥೆಯೇ? ಮೊದಲು ಪಾಠ ಓದಿಕೋ" ಎಂಬುದು ಇನ್ನೊಂದು. ಮೊದಲನೆಯದರಿಂದ ಮಗುವಿಗೆ ಸಂತೋಷವಾದೀತು. ಬರೆಹ ಮಾತ್ರ ಇದ್ದಲ್ಲಿಯೇ ಉಳಿದೀತು. ಎರಡನೆಯದರಿಂದ ನೋಟುಪುಸ್ತಕವು ಪೆಟ್ಟಿಗೆಯ ತಳವನ್ನು ಸೇರಿ ಮತ್ತೆಂದೂ ಹೊರಗೆ ಬಾರದೆ ಹೋದೀತು. ಬರೆದವರನ್ನು ಕುಗ್ಗಿಸದೆ ಬರೆಹದ ಕುಂದನ್ನು ತಿಳಿಸುವ ಬಗೆ ಯಾವುದು?

ಪ್ರಶ್ನೆ ಹೊಸದಲ್ಲ. ಕನ್ನಡದಲ್ಲಿ ದೊರೆತಿರುವ ಗ್ರಂಥಗಳಲ್ಲೆಲ್ಲ ಹಳೆಯದಾದ 'ಕವಿರಾಜಮಾರ್ಗ'ವೇ ಇದನ್ನು ವಿಚಾರಿಸಿದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಶ್ರೀವಿಜಯನು ಇದನ್ನು ರಚಿಸಿದನೆಂದು ಬಹುಮಂದಿ ವಿದ್ವಾಂಸರ ಮತ. ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಆ ಗ್ರಂಥವು ಎಣಿಸುವ ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಮುಂದೆ 941ರಲ್ಲಿ ಪಂಪನು ತನ್ನ ಭಾರತಕ್ಕೆ ಆರಿಸಿಕೊಂಡುದೂ ಪುಲಿಗೆರೆಯ ತಿರುಳ್ಗನ್ನಡವನ್ನೇ. ಕನ್ನಡನಾಡಿನ ಜನರು ಕುಳಿತು ಓದದೆಯೂ ಕಾವ್ಯದ ಮರ್ಮವನ್ನು ಬಲ್ಲವರೆಂಬ ಮೆಚ್ಚುಗೆಯೂ ಕವಿರಾಜಮಾರ್ಗದಲ್ಲಿದೆ. ಅಂದಮೇಲೆ, ಮಗುವಿನ ಕಥೆಗೆ ಒಳ್ಳೆಯ ಅಭಿಪ್ರಾಯ ಹೇಳಲು ತಂದೆತಾಯಿಗಳು ಪಂಡಿತರೇ ಆಗಿರಬೇಕೆಂದಿಲ್ಲ.

ಬರೆಯುವವನಿಗೆ ಗ್ರಂಥವು ಹೇಳುವ ಮಾತು ಕನ್ನಡಿಯ ಮುಂದೆ ನಿಂತ ಯಾರಿಗೂ ತಿಳಿಯುವಂಥದು. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನೇ ಕಾಣಲಾರದು. ಹಾಗೆಯೇ ಕವಿಗೆ ತನ್ನ ದೋಷ ಕಾಣದು. ಆದುದರಿಂದ ಕಾವ್ಯವನ್ನು ಬೇರೆಯವರಿಂದ ಓದಿಸಬೇಕು. ಮಾತು ಎಷ್ಟು ನಿಜ! ಬರೆದವನು ಕಾಗದದ ಮೇಲಿರುವುದನ್ನು ಓದುವುದಿಲ್ಲ, ಬರೆಯಬೇಕೆಂದುಕೊಂಡುದನ್ನು ಓದುತ್ತಾನೆ. ಬಿಟ್ಟುಹೋದ ಮಾತನ್ನು ಅವನ ಮನಸ್ಸೇ ತುಂಬಿಕೊಂಡು ಮುಂದೆ ಸಾಗುತ್ತದೆ.

ಓದುವವನ ನಡತೆಯನ್ನೂ ಗ್ರಂಥವು ಬಿಟ್ಟಿಲ್ಲ. ಜಾಣರಲ್ಲದವರು ಸಹ ದೋಷದ ಎಡೆ ಒಂದಿಷ್ಟು ಸಿಕ್ಕಿತೆಂದರೆ ಬಲ್ಲವರಂತೆ ಅದನ್ನೇ ಹಿಡಿದು ಕೃತಿಯನ್ನು ಹಳಿಯುತ್ತಾರೆಂದು ಅದು ಎಚ್ಚರಿಸುತ್ತದೆ. ಒಂದು ಕಲ್ಲು ಹಲ್ಲಿಗೆ ಸಿಕ್ಕಿತೆಂದು ಅನ್ನದ ಪಾತ್ರೆಯನ್ನೇ ಚೆಲ್ಲುವವರ ರೀತಿ ಇದು.

ಹಾಗಾದರೆ ಸರಿಯಾದ ಮಾರ್ಗ ಯಾವುದು? ಕವಿರಾಜಮಾರ್ಗವೇ ಅದನ್ನು ಮಾಡಿ ತೋರಿಸಿದೆ. ಅದು ದೋಷಕ್ಕೆ ಹೆಸರಿಡುತ್ತದೆ. ದೋಷವಿರುವ ಪದ್ಯವನ್ನು ಮುಂದಿಡುತ್ತದೆ. ಬಳಿಕ ಅದನ್ನೇ ದೋಷವಿಲ್ಲದಂತೆ ಹೇಳುವುದು ಹೇಗೆಂದು ತೋರಿಸುತ್ತದೆ. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಅರಿಯದೆ ಸಮಾಸದಲ್ಲಿ ಬೆಸೆದರೆ, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎನ್ನುತ್ತದೆ. ಹಾಲು ಕಾಯಿಸಿದ ಯಾವ ಗೃಹಿಣಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕು?

ಲಕ್ಷ್ಮೇಶ್ವರಕ್ಕೂ ಗದಗಕ್ಕೂ ನಡುವೆ ಇರುವ ಮುಳಗುಂದದಲ್ಲಿ, 12ನೆಯ ಶತಮಾನದ ಆರಂಭದಲ್ಲಿ, 'ಧರ್ಮಾಮೃತ'ವನ್ನು ಬರೆದ ನಯಸೇನನೂ ಇದೇ ದೋಷವನ್ನು ಎತ್ತಿ ಆಡಿದನು. ತುಪ್ಪಕ್ಕೆ ಎಣ್ಣೆಯನ್ನು ಬೆರೆಸುವುದು ತಕ್ಕುದೇ ಎಂದು ಕೇಳಿದನು. ಆದರೆ ಅವನ ಗ್ರಂಥದಲ್ಲಿಯೇ ಸಂಸ್ಕೃತ ಪದಗಳು ಬೇಕಾದಷ್ಟಿವೆ! ಕಾಡಿಗೆಯ ಮಾತು ಅವನಿಗೂ ತಪ್ಪಲಿಲ್ಲ. ಅಷ್ಟರಿಂದ ಧರ್ಮಾಮೃತದ ಕಥೆಗಳ ರುಚಿಯೇನೂ ಕೆಡಲಿಲ್ಲವೆಂಬುದನ್ನೂ ಮರೆಯಬಾರದು.

ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಜಾತ್ರೆಗೆ ನಾಟಕವಾಡುವವರು ಈ ಮಾರ್ಗವನ್ನು ಗ್ರಂಥವಿಲ್ಲದೆಯೇ ಬಲ್ಲರು. ತಾಲೀಮಿನಲ್ಲಿ ಮಾತು ತಪ್ಪಿದಾಗ ಒಳ್ಳೆಯ ಮಾಸ್ತರರು "ನಿನಗೆ ನಾಟಕ ಬರುವುದಿಲ್ಲ" ಎನ್ನುವುದಿಲ್ಲ. ಆ ಮಾತನ್ನು ತಾವೇ ಆಡಿ ತೋರಿಸುತ್ತಾರೆ. ಹಾಡು ಶ್ರುತಿ ಬಿಟ್ಟರೆ ಹಾರ್ಮೋನಿಯಂ ಪೇಟಿಯ ಮೇಲೆ ಸ್ವರವನ್ನು ಹಿಡಿದುಕೊಡುತ್ತಾರೆ. ಇದೆಲ್ಲ ನಡೆಯುವುದು ಪರದೆ ಏಳುವ ಮೊದಲು. ಆಟದ ರಾತ್ರಿ ರಂಗದ ಮೇಲೆ ಯಾರನ್ನೂ ತಿದ್ದುವುದಿಲ್ಲ. ಮನೆಗೆ ಬಂದ ನೆಂಟರ ಎದುರಿಗೆ ಮಗುವಿನ ಕವಿತೆಯನ್ನು ಓದಿ ನಗುವ ಹಿರಿಯರು ಇದನ್ನು ನೆನೆಯಬೇಕು.

ಆದ್ದರಿಂದ ಕಥೆ ಕೈಗೆ ಬಂದಾಗ ಮೊದಲು ಪೂರ್ತಿಯಾಗಿ ಓದಬೇಕು. ಮನಸ್ಸಿಗೆ ಹಿಡಿಸಿದ ಸಾಲು ಯಾವುದೆಂದು ಬೆರಳಿಟ್ಟು ಹೇಳಬೇಕು. ಎಡವಿದ ಸ್ಥಳವನ್ನೂ ಹಾಗೆಯೇ ತೋರಿಸಬೇಕು. "ಸಪ್ಪೆಯಾಗಿದೆ" ಎಂದರೆ ಬರೆದವರಿಗೆ ಏನೂ ತಿಳಿಯದು. "ಅಜ್ಜಿ ಏಕೆ ಸಿಟ್ಟಾದಳೆಂಬುದು ಇಲ್ಲಿ ಗೊತ್ತಾಗಲಿಲ್ಲ" ಎಂದರೆ ಕೂಡಲೇ ತಿಳಿಯುತ್ತದೆ. ಒಂದು ಸಾಲನ್ನು ಹೀಗೂ ಹೇಳಬಹುದೆಂದು ತೋರಿಸುವುದುಂಟು. ಇಡೀ ಕಥೆಯನ್ನು ತಾವೇ ಬರೆದುಕೊಡುವುದು ಸಲ್ಲದು.

ಕೇಳಿಸಿಕೊಳ್ಳುವವರಿಗೂ ಒಂದು ಹೊಣೆಯುಂಟು. "ನನ್ನ ಅಭಿಪ್ರಾಯ ಅದಲ್ಲ, ಇದು" ಎಂದು ಬಾಯಿಂದ ವಿವರಿಸಬೇಕಾಗಿ ಬಂದರೆ, ಆ ವಿವರಣೆಯೇ ಕಾಗದದ ಮೇಲೆ ಇರಬೇಕಾಗಿದ್ದ ಮಾತೆಂದು ತಿಳಿಯಬೇಕು. ಒಬ್ಬರು ಎಡವಿದರೆ ಯೋಚಿಸಬೇಕು; ಇಬ್ಬರು ಅಲ್ಲಿಯೇ ಎಡವಿದರೆ ತಿದ್ದಬೇಕು. ಕಾಡಿಗೆ ಹರಡಿದೆಯೆಂದು ತೋರಿಸುವುದು ಎದುರಿಗೆ ಇದ್ದವರ ಕೆಲಸ. ಒರೆಸಿಕೊಳ್ಳುವುದು ಹಚ್ಚಿಕೊಂಡವರ ಕೆಲಸ.