ಡುಬ್ಕಿ ಹೊಡೆದವನು ಮುಳುಗಿದನೆ?

ಬನಾರಸ್ಸಿನ ಹುಡುಗರು ಒಬ್ಬರನ್ನೊಬ್ಬರು ‘ಗುರು’ ಅಂತ ಕರೆಯುತ್ತಾರೆ. ‘ಕಾ ಗುರು’ ಅಂದರೆ ನಮ್ಮ ‘ಏನ್ ಗುರು’ ಇದ್ದ ಹಾಗೆ. ಕೆಲಸದ ಮೇಲೆ ಈ ಊರಿಗೆ ಬಂದ ಹೊಸದರಲ್ಲಿ ನನ್ನನ್ನು ಇಲ್ಲಿ ಉಳಿಸಿದ್ದು ಇದೊಂದು ಪದವೇ. ಲಂಕಾದಲ್ಲಿ, ವಿಶ್ವವಿದ್ಯಾಲಯದ ದೊಡ್ಡ ಬಾಗಿಲಿನ ಆಚೆ, ನಾನು ಸಂಜೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯುವ ಅಂಗಡಿಯೊಂದಿದೆ. ಅಲ್ಲಿ ಬರುವ ಹುಡುಗರಿಗೆ ನಾನು ಬೆಂಗಳೂರಿನವನು ಅಂತ ಗೊತ್ತು. ಹಾಗಾಗಿ ಕಬಡ್ಡಿಯ ಮಾತು ಬಂದಾಗಲೆಲ್ಲ ನನ್ನ ಕಡೆ ತಿರುಗಿ ನಗುತ್ತಾರೆ. ‘ನಮ್ಮಲ್ಲಿ ಮುಗಿದವನನ್ನು ನಿಮ್ಮವರು ಎಪ್ಪತ್ತು ಲಕ್ಷ ಕೊಟ್ಟು ತಗೊಂಡರಲ್ಲ ಗುರು!’ ಅವರು ಹೇಳುವುದು ಪರ್ದೀಪ್ ನರ್ವಾಲ್ ವಿಷಯ. ಇಲ್ಲಿನ ಬಾಯಲ್ಲಿ ಅವನು ‘ಪರ್ದೀಪ್ವಾ’.

ಇನ್ನು ಬೆಂಗಳೂರಿಗೆ ಫೋನ್ ಮಾಡಿದರೆ ಚಿಕ್ಕಪ್ಪನ ಮಗ ಹೇಳುವುದೂ ಇದನ್ನೇ. ‘ಯುಪಿಯವರು ಹಿಂಡಿ ಬಿಸಾಕಿದ್ದನ್ನ ನಮ್ಮ ಬುಲ್ಸ್‌ನೋರು ಎತ್ಕೊಂಡು ಬಂದ್ರು ಕಣೋ.’ ಎರಡು ಊರಿಗೂ ಪರ್ದೀಪನ ಕಥೆ ಒಂದೇ: ಪಟ್ನಾದಲ್ಲಿ ಹುಲಿಯಾಗಿದ್ದ, ದುಡ್ಡಿಗಾಗಿ ತಂಡ ಬಿಟ್ಟ, ಬಿಟ್ಟ ದಿನದಿಂದ ಇಳಿದ. ಬನಾರಸ್ಸಿಗೂ ಬೆಂಗಳೂರಿಗೂ ಒಮ್ಮತವಿರುವ ವಿಷಯಗಳು ಬಹಳ ಇಲ್ಲ. ಇದ್ದ ಒಂದೂ ತಪ್ಪು ಎಂಬುದು ನನ್ನ ತಕರಾರು.

ಡುಬ್ಕಿ ಅಂದರೆ ಮುಳುಕು. ಈ ಊರಿನಲ್ಲಿ ಅದಕ್ಕೆ ಬೇರೆ ಅರ್ಥ ಹೇಳಬೇಕಾಗಿಲ್ಲ, ಬೆಳಗಾದರೆ ದಶಾಶ್ವಮೇಧ ಘಾಟಿನ ಮೆಟ್ಟಿಲ ಮೇಲೆ ಸಾವಿರಾರು ಜನ ಮೂಗು ಹಿಡಿದು ಮುಳುಗಿ ಏಳುತ್ತಾರೆ. ಕಬಡ್ಡಿಯ ಡುಬ್ಕಿಯೂ ಅದೇ. ಎದುರಾಳಿಗಳು ಕೈಕೈ ಹಿಡಿದು ಸರಪಳಿಯಾಗಿ ಮುಂದೊತ್ತಿ ಬಂದಾಗ, ರೈಡರ್ ಸೊಂಟದವರೆಗೆ ಬಗ್ಗಿ ಆ ಕೈಗಳ ಅಡಿಯಿಂದ ನುಸುಳಿ ನಡುಗೆರೆಯ ಕಡೆ ಚಿಮ್ಮುವುದು. ಪರ್ದೀಪ್ ಹುಟ್ಟುವ ಮೊದಲೂ ಈ ಪಟ್ಟು ಇತ್ತು. ಆದರೆ ಹರಿಯಾಣದ ಸೋನಿಪತ್ ಜಿಲ್ಲೆಯ ರಿಂಢಾನಾ ಹಳ್ಳಿಯ ಈ ಹುಡುಗ ಅದನ್ನು ಮಾಡುವಾಗ ಮೂರು ಜನ ತಮ್ಮ ತಮ್ಮ ಕೈಯನ್ನೇ ಹಿಡಿದುಕೊಂಡು ನಿಂತಿರುತ್ತಿದ್ದರು, ಅವನು ಆಚೆ ದಡದಲ್ಲಿ ಎದ್ದು ಮಣ್ಣು ಕೊಡವುವವನಂತೆ ಅಂಗಿ ಸರಿಮಾಡಿಕೊಳ್ಳುತ್ತಿದ್ದ.

ಒಂದು ಸಣ್ಣ ಸಂಗತಿಯನ್ನು ಜನ ಮರೆಯುತ್ತಾರೆ. ಡುಬ್ಕಿ ಹೊಡೆಯಬೇಕಾದರೆ ಎದುರಿನವರು ಮುಂದೆ ಬರಬೇಕು. ಅವರು ಹಿಂದೆಯೇ ನಿಂತರೆ ಮುಳುಗಲು ನೀರೇ ಇಲ್ಲ. ಅವರನ್ನು ಮುಂದೆ ಬರುವಂತೆ ಮಾಡುವುದು ಯಾವುದು? ಅಂಕ ಬೇಕೆಂಬ ಅವರ ಅವಸರ. ಆ ಅವಸರ ಹುಟ್ಟಿಸುವುದು ರೈಡರ್ ಒಬ್ಬನೇ ಅಲ್ಲ, ಅವನ ಹಿಂದೆ ನಿಂತ ಆರು ಜನ. ತಂಡ ಮುನ್ನಡೆಯಲ್ಲಿದ್ದರೆ ಎದುರಾಳಿ ನುಗ್ಗುತ್ತಾನೆ. ತಂಡ ಸೋಲುತ್ತಿದ್ದರೆ ಎದುರಾಳಿಗೇನು ಅವಸರ, ಮೂಲೆಯಲ್ಲಿ ಕಾಲಗಲಿಸಿ ನಿಂತು ಮೂವತ್ತು ಸೆಕೆಂಡು ಕಳೆಯುತ್ತಾನೆ.

ಈಗ ಲೆಕ್ಕಕ್ಕೆ ಬರೋಣ. ಪ್ರೊ ಕಬಡ್ಡಿಯಲ್ಲಿ ಪರ್ದೀಪ್ ಮೊದಲು ಆಡಿದ್ದು ನಮ್ಮ ಬೆಂಗಳೂರು ಬುಲ್ಸ್‌ಗೇ, 2015ರಲ್ಲಿ. ಸಿಕ್ಕಿದ್ದು ಬರೀ 9 ರೈಡ್ ಅಂಕ. ಆಗ ಅವನಿಗೆ ಹದಿನೆಂಟು. ಮುಂದಿನ ವರ್ಷ ಪಟ್ನಾ ಪೈರೇಟ್ಸ್‌ಗೆ ಹೋದ: 116, ಆಮೇಲೆ 131, ಆಮೇಲೆ 2017ರಲ್ಲಿ 369. ಆ 369 ಒಂದೇ ಋತುವಿನ ದಾಖಲೆ. ಆ ವರ್ಷದ ನಾಕೌಟ್ ಹಂತದಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 34 ಅಂಕ ತಂದ, ಅದರಲ್ಲಿ ಒಂದೇ ರೈಡಿಗೆ ಎಂಟು. (ಆ 34ನ್ನು 2019ರಲ್ಲಿ ಮುರಿದವನು ಬುಲ್ಸ್‌ನ ಪವನ್ ಸೆಹ್ರಾವತ್, 39 ತಂದು, ಅದೂ ಅದೇ ಹರಿಯಾಣದ ಮೇಲೆ. ಪಾಪ ಹರಿಯಾಣ.) ಪಟ್ನಾ ಸತತ ಮೂರು ಬಾರಿ ಚಾಂಪಿಯನ್. ಮುಂದೆ 2018ರಲ್ಲಿ 233, 2019ರಲ್ಲಿ 302. ಕೊರೋನಾದಿಂದಾಗಿ 2020ರಲ್ಲಿ ಆಟವೇ ಇಲ್ಲ. 2021ರ ಹರಾಜಿನಲ್ಲಿ ಯುಪಿ ಯೋಧಾ ಅವನನ್ನು 1.65 ಕೋಟಿಗೆ ಕೊಂಡಿತು, ಅಲ್ಲಿಯವರೆಗೆ ಯಾವ ಕಬಡ್ಡಿ ಆಟಗಾರನಿಗೂ ಸಿಗದಿದ್ದ ಮೊತ್ತ. ಆ ಋತುವಿನಲ್ಲಿ ಅವನ ಅಂಕ 188.

ಚಹಾ ಅಂಗಡಿಯ ವಾದ ನಿಲ್ಲುವುದು ಇಲ್ಲೇ. ‘302 ಎಲ್ಲಿ, 188 ಎಲ್ಲಿ? ತಂಡ ಬದಲಿಸಿದ, ಬಿದ್ದ.’ ಪಂದ್ಯಕ್ಕೆ ಎಷ್ಟು ಅಂತ ನೋಡಿದರೂ ಹದಿನಾಲ್ಕರ ಹತ್ತಿರದಿಂದ ಎಂಟಕ್ಕೂ ಕಡಿಮೆ. ನಾನು ಇದನ್ನು ಮುಚ್ಚಿಡುವುದಿಲ್ಲ.

ಆದರೆ ಆ ಎರಡು ಅಂಕಿಗಳ ಪಕ್ಕದಲ್ಲಿ ತಂಡದ ಸ್ಥಾನವನ್ನೂ ಬರೆಯಿರಿ. 302 ತಂದ ವರ್ಷ ಪಟ್ನಾ ಎಂಟನೆಯದು, ಪ್ಲೇಆಫ್‌ಗೂ ಹೋಗಲಿಲ್ಲ. 188 ತಂದ ವರ್ಷ ಯುಪಿ ಸೆಮಿಫೈನಲ್ ಆಡಿತು. 302 ದೊಡ್ಡದಾಗಿ ಕಂಡದ್ದು ಪಟ್ನಾದಲ್ಲಿ ಆಗ ಬೇರೆ ಯಾರ ಕೈಯಿಂದಲೂ ಕೆಲಸವಾಗದ್ದರಿಂದ. 188 ಚಿಕ್ಕದಾಗಿ ಕಂಡದ್ದು ಪಕ್ಕದಲ್ಲಿ ಸುರೇಂದರ್ ಗಿಲ್ ಅವನಿಗೆ ಸರಿಸಮ ಅಂಕ ತರುತ್ತಿದ್ದರಿಂದ. ಕೂಡು ಕುಟುಂಬದಲ್ಲಿ ಒಬ್ಬನೇ ದುಡಿಯುತ್ತಿದ್ದವನಿಗೆ ತಮ್ಮನೂ ದುಡಿಯಲು ಶುರು ಮಾಡಿದ ಮೇಲೆ, ಅಣ್ಣನ ಪಾಲು ಕಡಿಮೆಯಾಯಿತು ಅಂತ ಯಾರಾದರೂ ಅಣ್ಣನನ್ನು ಬೈಯುತ್ತಾರೆಯೆ? ಮರುವರ್ಷ, ಅದೇ ಯುಪಿಯಲ್ಲಿ, ಅವನ ಅಂಕ 220ಕ್ಕೆ ಏರಿತು. ತಂಡ ಮತ್ತೆ ಪ್ಲೇಆಫ್‌ಗೆ ಹೋಗಿ, ತಮಿಳ್ ತಲೈವಾಸ್ ವಿರುದ್ಧ ಟೈಬ್ರೇಕರ್‌ನಲ್ಲಿ ಸೋತಿತು. ‘ಬಿಟ್ಟ ದಿನದಿಂದ ಇಳಿದ’ ಎಂಬ ಕಥೆಯಲ್ಲಿ ಈ ವರ್ಷ ಕಾಣೆಯಾಗಿರುತ್ತದೆ. ಯಾಕೆಂದರೆ ಅದು ಕಥೆಗೆ ಒಗ್ಗುವುದಿಲ್ಲ.

ಇನ್ನೊಂದು ಕಾಣೆಯಾದ ವರ್ಷ 2018. 369ರಿಂದ 233ಕ್ಕೆ, ಅಂದರೆ 136 ಅಂಕ ಒಂದೇ ಏಟಿಗೆ ಹೋಯಿತು. ಪಂದ್ಯಗಳ ಸಂಖ್ಯೆ ಕಡಿಮೆಯಿತ್ತು, ಒಪ್ಪುತ್ತೇನೆ, ಆದರೂ ಪಂದ್ಯಕ್ಕೆ ಮೂರು ಅಂಕದ ಇಳಿತ. ಆಗ ಪರ್ದೀಪ್ ಯಾವ ತಂಡಕ್ಕೂ ಹೋಗಿರಲಿಲ್ಲ. ಹೋದವನು ಮೋನು ಗೋಯತ್. 369ರ ಋತುವಿನಲ್ಲಿ ಪಟ್ನಾದ ಎರಡನೇ ರೈಡರ್ ಆಗಿ ಎದುರಾಳಿಗಳ ಅರ್ಧ ಗಮನ ತನ್ನ ಕಡೆ ಎಳೆಯುತ್ತಿದ್ದವನು. ಹರಿಯಾಣ ಅವನನ್ನು 1.51 ಕೋಟಿ ಕೊಟ್ಟು ಕರೆದುಕೊಂಡು ಹೋಯಿತು. ಪರ್ದೀಪ್ ಇದ್ದಲ್ಲೇ ಇದ್ದ, ಪಕ್ಕದವನು ಬದಲಾದ, ಅಂಕ ಇಳಿಯಿತು. ತಂಡ ಬದಲಾಗುವುದೆಂದರೆ ಆಟಗಾರ ಅಂಗಿ ಬದಲಿಸುವುದು ಅಂತಷ್ಟೇ ತಿಳಿದವರಿಗೆ ಇದು ಅರ್ಥವಾಗದು.

ಹಾಗಾದರೆ ಅವನು ಇಳಿಯಲೇ ಇಲ್ಲವೆ? ಇಳಿದ. 2023ರ ಕೊನೆಯಲ್ಲಿ ಶುರುವಾದ ಹತ್ತನೇ ಋತುವಿನಲ್ಲಿ 122, 2024ರಲ್ಲಿ ಬುಲ್ಸ್‌ಗೆ 111. ಇದನ್ನು ಯಾವ ಜಾಣತನದಿಂದಲೂ ಮೇಲೆತ್ತಲಾಗದು. ನಾನು ಆ ಪಂದ್ಯಗಳನ್ನು ನೋಡಿದ್ದೇನೆ. ಬಗ್ಗುತ್ತಿದ್ದ, ಏಳುವಾಗ ಅರ್ಧ ಕ್ಷಣ ತಡವಾಗುತ್ತಿತ್ತು, ಆ ಅರ್ಧ ಕ್ಷಣದಲ್ಲಿ ಯಾರೋ ಒಬ್ಬ ಅವನ ತೊಡೆಗೆ ಜೋತುಬೀಳುತ್ತಿದ್ದ. ಎಂಟು ವರ್ಷ ದೇಶವೆಲ್ಲ ವಿಡಿಯೋ ನೋಡಿ ನೋಡಿ ಕಲಿತ ಮೇಲೆ ಡುಬ್ಕಿಗೆ ಮದ್ದು ಸಿಕ್ಕಿತ್ತು: ಸರಪಳಿ ಕಟ್ಟಬೇಡ, ಮುಂದೆ ಬರಬೇಡ, ಅವನ ತಲೆ ಕೆಳಗೆ ಹೋದ ಕೂಡಲೇ ನೀನೂ ಕೆಳಗೆ ಕೂತುಬಿಡು.

ಆದರೆ ಕಾಲಕ್ರಮ ಗಮನಿಸಿ. ಕುಸಿತ ಬಂದದ್ದು ಯುಪಿಯಲ್ಲಿ ಮೂರನೇ ವರ್ಷ, ಎಲ್ಲಿಗೂ ಹೋಗದೆ ಕೂತಿದ್ದಾಗ. ಬುಲ್ಸ್‌ಗೆ ಬಂದದ್ದು ಅದಾದ ಮೇಲೆ. ಬೆಂಗಳೂರಿಗೆ ಬಂದು ಕೆಟ್ಟವನಲ್ಲ ಅವನು. ಕೆಟ್ಟಿದ್ದರಿಂದಲೇ 1.65 ಕೋಟಿಯವನು 70 ಲಕ್ಷಕ್ಕೆ ಬೆಂಗಳೂರಿಗೆ ಸಿಕ್ಕಿದ. ಇಷ್ಟು ಗೊತ್ತಿದ್ದೂ ಬುಲ್ಸ್ ಏನು ಮಾಡಿತು? ಅವನನ್ನು ನಾಯಕನನ್ನಾಗಿ ಮಾಡಿ, ಪೋಸ್ಟರಿನ ಮಧ್ಯದಲ್ಲಿ ನಿಲ್ಲಿಸಿ, 2017 ಮರಳಿ ಬರುತ್ತದೆ ಅಂತ ಕಾಯಿತು. ತಂಡ ಕೊನೆಯ ಸ್ಥಾನಕ್ಕೆ ಬಿತ್ತು.

ಕಬಡ್ಡಿಯ ನಿಯಮವೊಂದನ್ನು ಇಲ್ಲಿ ನೆನಪಿಸಬೇಕು. ಔಟಾದ ರೈಡರ್ ತಾನಾಗಿ ಒಳಗೆ ಬರುವಂತಿಲ್ಲ. ಜೊತೆಗಾರರು ಎದುರಾಳಿಯೊಬ್ಬನನ್ನು ಔಟ್ ಮಾಡಿದರೆ ಮಾತ್ರ ಹೊರಗಿರುವವರಲ್ಲಿ ಒಬ್ಬನಿಗೆ ಜೀವ ಬರುತ್ತದೆ. ಊರಿನ ಬಯಲಿನಲ್ಲಿ ಆಡಿದವರಿಗೆಲ್ಲ ಗೊತ್ತು, ಗೆರೆಯಾಚೆ ಕೂತು ‘ಒಂದು ಹಿಡೀರೋ’ ಅಂತ ಕೂಗುವ ಸಂಕಟ ಎಂಥದು ಅಂತ. ಕ್ರಿಕೆಟ್ಟಿನ ಬೌಲರ್‌ಗೆ ಉಳಿದವರು ಕ್ಯಾಚ್ ಬಿಟ್ಟರೂ ಮುಂದಿನ ಓವರ್ ಸಿಗುತ್ತದೆ. ಕಬಡ್ಡಿಯ ರೈಡರ್‌ಗೆ ಉಳಿದವರು ಹಿಡಿಯದಿದ್ದರೆ ಮುಂದಿನ ರೈಡೇ ಇಲ್ಲ. ಸೋಲುವ ತಂಡದ ರೈಡರ್‌ನ ಅಂಕವನ್ನು ಗೆಲ್ಲುವ ತಂಡದ ರೈಡರ್‌ನ ಅಂಕದ ಪಕ್ಕ ಇಟ್ಟು ತೂಗುವವರು ಅವನು ಬೆಂಚಿನ ಮೇಲೆ ಕಳೆದ ನಿಮಿಷಗಳನ್ನು ಯಾವ ತಟ್ಟೆಗೆ ಹಾಕುತ್ತಾರೆ?

ಇದಕ್ಕೆ ‘ಪವನ್ ನೋಡು’ ಅನ್ನುತ್ತಾರೆ. ನೋಡೋಣ. ಪವನ್ ಬುಲ್ಸ್ ಬಿಟ್ಟು ತಮಿಳ್ ತಲೈವಾಸ್‌ಗೆ ಹೋಗಿ ಮೊದಲ ಪಂದ್ಯದಲ್ಲೇ ಗಾಯಗೊಂಡ. ಆಮೇಲೆ ತೆಲುಗು ಟೈಟನ್ಸ್ 2.605 ಕೋಟಿ ಕೊಟ್ಟಿತು, ಅವನು 202 ರೈಡ್ ಅಂಕ ತಂದ, ಟೈಟನ್ಸ್ ಕೊನೆಯ ಸ್ಥಾನದಲ್ಲಿ ನಿಂತಿತು. ಅಂಕ ಬಂತು, ಗೆಲುವು ಬರಲಿಲ್ಲ. ಅವನನ್ನು ಯಾರೂ ಮುಗಿದವನು ಅನ್ನಲಿಲ್ಲ. ಅಂಕದ ಕಾಲಂ ತುಂಬಿದ್ದರೆ ಸಾಕು, ನಮ್ಮ ಕಣ್ಣು ತುಂಬುತ್ತದೆ.

ಕನ್ನಡದವರು ಈ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡವರು. ಕರುಣ್ ನಾಯರ್ 2023ರಲ್ಲಿ ಕರ್ನಾಟಕ ಬಿಟ್ಟು ವಿದರ್ಭಕ್ಕೆ ಹೋದಾಗ ಅವನ ಕಥೆ ಮುಗಿಯಿತು ಅಂದವರಲ್ಲಿ ನಾನೂ ಒಬ್ಬ. 2024–25ರ ವಿಜಯ್ ಹಜಾರೆಯಲ್ಲಿ ಐದು ಶತಕ, 779 ರನ್. ಅದೇ ವರ್ಷ ವಿದರ್ಭಕ್ಕೆ ರಣಜಿ. ಮೂವತ್ತು ದಾಟಿದ ಮೇಲೆ, ಬೇರೆಯವರ ಅಂಗಿ ಹಾಕಿಕೊಂಡು. ಅಮೆರಿಕದ ಫುಟ್‌ಬಾಲ್‌ನಲ್ಲಿ ಜೆರ್ರಿ ರೈಸ್ ಅಂತ ಒಬ್ಬನಿದ್ದ, ಚೆಂಡು ಹಿಡಿಯುವುದೇ ಅವನ ಕಸುಬು. ಸ್ಯಾನ್ ಫ್ರಾನ್ಸಿಸ್ಕೊ ತಂಡ ವಯಸ್ಸಾಯಿತೆಂದು ಬಿಟ್ಟಮೇಲೆ 2001ರಲ್ಲಿ ಪಕ್ಕದ ಓಕ್ಲೆಂಡ್‌ಗೆ ಹೋದ. ಆ ತಂಡದ ಹೆಸರು, ನಗಬೇಡಿ, ರೈಡರ್ಸ್. ಅಲ್ಲಿ ನಲವತ್ತನೇ ವಯಸ್ಸಿನಲ್ಲಿ ಸಾವಿರಕ್ಕೂ ಹೆಚ್ಚು ಗಜ ಓಡಿ ತಂಡದ ಜೊತೆ ಸೂಪರ್ ಬೌಲ್ ಆಡಿದ. ಅವನಿಗೆ ಕಾಲು ಹೊಸದಾಗಿ ಬಂದಿರಲಿಲ್ಲ, ಅವನು ಎಲ್ಲಿರುತ್ತಾನೋ ಅಲ್ಲಿಗೆ ಚೆಂಡು ಎಸೆಯುವವನೊಬ್ಬ ಸಿಕ್ಕಿದ್ದ.

ಈಗ ನನ್ನ ನಿಜವಾದ ಸಿಟ್ಟಿಗೆ ಬರುತ್ತೇನೆ. 2025ರ ಮೇ 31 ಮತ್ತು ಜೂನ್ 1ರಂದು ಮುಂಬೈಯಲ್ಲಿ ಹರಾಜು. ಪರ್ದೀಪನ ಹೆಸರು ಕೂಗಿದರು. ಹನ್ನೆರಡು ತಂಡಗಳ ಮೇಜುಗಳಲ್ಲಿ ಒಂದು ಕೈಯೂ ಮೇಲೇಳಲಿಲ್ಲ. 1801 ರೈಡ್ ಅಂಕ, ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು, ವಯಸ್ಸು ಇಪ್ಪತ್ತೆಂಟು. ಕೆಲವೇ ದಿನಗಳಲ್ಲಿ ನಿವೃತ್ತಿ ಹೇಳಿದ. ಯಾರೂ ಕೊಳ್ಳದ್ದು ತಪ್ಪೆಂದು ನಾನು ವಾದಿಸುವುದಿಲ್ಲ. 111 ಅಂಕದವನಿಗೆ ಕೈಯೆತ್ತಲೇಬೇಕೆಂಬ ಕಾನೂನಿಲ್ಲ. ಆದರೆ ಅದಾದ ಮೇಲೆ ನಾವು, ನೋಡುಗರು, ಆಡಿದ ಮಾತು ನೆನಪಿಸಿಕೊಳ್ಳಿ. ‘ದುಡ್ಡಿನ ಹಿಂದೆ ಹೋದ, ಅನುಭವಿಸಿದ.’ ಹರಾಜು ಮಾಡುವವರು ನಾವು, ಬೆಲೆ ಕಟ್ಟುವವರು ನಾವು, ಕಟ್ಟಿದ ಬೆಲೆಗೆ ಹೋದವನು ಮಾತ್ರ ದುರಾಸೆಯವನು! ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ 1.65 ಕೋಟಿ ಬೇಡವೆನ್ನುವ ಒಬ್ಬ ಸಾಫ್ಟ್‌ವೇರ್ ಹುಡುಗನನ್ನು ವೈಟ್‌ಫೀಲ್ಡಿನಲ್ಲಿ ನನಗೆ ತೋರಿಸಿ. ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವುದನ್ನು ನಾವು ಬೆಳವಣಿಗೆ ಅಂತ ಕರೆಯುತ್ತೇವೆ.

ಅದೇ ಜೂನ್‌ನಲ್ಲಿ, ಮೂರು ವಾರದ ಅಂತರದಲ್ಲಿ, ಈ ವಾರಾಣಸಿಯವನೇ ಆದ ಲಲಿತ್ ಉಪಾಧ್ಯಾಯ ಅಂತರರಾಷ್ಟ್ರೀಯ ಹಾಕಿಗೆ ವಿದಾಯ ಹೇಳಿದ. ಟೋಕಿಯೊ, ಪ್ಯಾರಿಸ್, ಎರಡು ಒಲಿಂಪಿಕ್ ಕಂಚು, ರಾಜ್ಯದ ಪೊಲೀಸ್ ಇಲಾಖೆಯಲ್ಲಿ ಡಿಎಸ್‌ಪಿ ಹುದ್ದೆ. ಯಾವಾಗ ನಿಲ್ಲಿಸಬೇಕೆಂದು ಅವನೇ ಹೇಳಿದ. ಅವನಿಗಿಂತ ಮೊದಲಿನ ಬನಾರಸಿ ದೊರೆ ಮೊಹಮ್ಮದ್ ಶಾಹಿದ್, 1980ರ ಮಾಸ್ಕೊ ಚಿನ್ನದ ತಂಡದವರು, ಡ್ರಿಬ್ಲಿಂಗ್‌ಗೆ ಜಗತ್ತೇ ಮೂಗಿನ ಮೇಲೆ ಬೆರಳಿಟ್ಟ ಆಟಗಾರ, ಇಲ್ಲಿಯ ರೈಲ್ವೆ ಡೀಸೆಲ್ ಕಾರ್ಖಾನೆಯ ಕೆಲಸದಲ್ಲಿದ್ದುಕೊಂಡು ಈ ಊರಿನಲ್ಲೇ ಬಾಳಿದರು. ಅವರನ್ನು ವರ್ಷಕ್ಕೊಮ್ಮೆ ಮೇಜಿನ ಮೇಲಿಟ್ಟು ಯಾರೂ ಕೂಗಲಿಲ್ಲ. ಆ ಕಾಲದ ಸಂಬಳ ಎಷ್ಟು ಅಂತ ನನಗೂ ಅಂದಾಜಿದೆ, ಹಳೆಯದೆಲ್ಲ ಹೊನ್ನು ಅಂತ ನಾನು ಹೇಳುತ್ತಿಲ್ಲ. ಲೀಗ್ ಬಂದದ್ದರಿಂದ ಕಬಡ್ಡಿಯ ಹುಡುಗರ ಮನೆಗೆ ತಾರಸಿ ಬಂತು, ಒಳ್ಳೆಯದಾಯಿತು. ಆದರೆ ಒಬ್ಬ ಆಟಗಾರ ಇಳಿಯುವ ಹೊತ್ತಿಗೆ ಅವನ ಪಕ್ಕದಲ್ಲಿ ನಿಲ್ಲುವ ವ್ಯವಸ್ಥೆ ಲೀಗಿನಲ್ಲಿ ಇಲ್ಲ. ಇಳಿಯುತ್ತಿರುವ ರೈಡರ್‌ಗೆ ದಿನಕ್ಕೆ ಐದೇ ರೈಡ್ ಕೊಟ್ಟು, ಡೂ ಆರ್ ಡೈ ಬಂದಾಗ ಮಾತ್ರ ಕಳಿಸಿ, ಉಳಿದ ಹೊತ್ತು ಇಪ್ಪತ್ತು ವರ್ಷದ ಹುಡುಗನ ಕಿವಿಯಲ್ಲಿ ಮಾತಾಡಲು ಬಿಡುವ ಬುದ್ಧಿ ಯುಪಿಗೂ ಬರಲಿಲ್ಲ, ಬುಲ್ಸ್‌ಗೂ ಬರಲಿಲ್ಲ. ಬುಲ್ಸ್ ಮುಂದಿನ ಋತುವಿಗೆ ನಮ್ಮವರೇ ಆದ ಬಿ.ಸಿ. ರಮೇಶ್ ಅವರನ್ನು ಕೋಚ್ ಆಗಿ ತಂದಿತು, ಬೆಂಗಾಲ್‌ಗೂ ಪುಣೆಗೂ ಕಪ್ ಗೆಲ್ಲಿಸಿದವರು. ಒಂದು ವರ್ಷ ಮೊದಲೇ ಬಂದಿದ್ದರೆ ಪರ್ದೀಪನನ್ನು ಅವರು ಹೇಗೆ ಆಡಿಸುತ್ತಿದ್ದರೋ ನೋಡುವ ಆಸೆ ನನಗಿತ್ತು.

ಇದನ್ನೆಲ್ಲ ಮೊನ್ನೆ ಚಹಾ ಅಂಗಡಿಯಲ್ಲಿ ನನ್ನ ಹರುಕು ಹಿಂದಿಯಲ್ಲಿ ಹೇಳಿದೆ. 302, ಎಂಟನೇ ಸ್ಥಾನ, ಮೋನು ಗೋಯತ್, ಎಲ್ಲ. ಹುಡುಗರು ಪೂರ್ತಿ ಕೇಳಿದರು. ಒಬ್ಬ ಕುಡಿಕೆಯನ್ನು ಬುಟ್ಟಿಗೆ ಎಸೆದು, ‘ಸರಿ ಗುರು, ಆದರೆ ಪಟ್ನಾದವರು ಅವನಿಲ್ಲದೆಯೇ ಆ ವರ್ಷ ಫೈನಲ್‌ಗೆ ಹೋದರಲ್ಲ? ಸೆಮಿಯಲ್ಲಿ ನಮ್ಮನ್ನೇ ಹೊಡೆದು?’ ಅಂದ. ಹೋದರು. 38–27. ಅದಕ್ಕೆ ನಾನು ‘ಅದನ್ನೇ ಅಲ್ಲವೇನೋ ಇಷ್ಟು ಹೊತ್ತು ಹೇಳಿದ್ದು, ಕಬಡ್ಡಿ ಏಳು ಜನರದು’ ಅಂದೆ. ಅವನಿಗೆ ಒಪ್ಪಿಗೆಯಾಗಲಿಲ್ಲ. ಇವತ್ತು ಸಂಜೆ ಮತ್ತೆ ಹೋಗುತ್ತಿದ್ದೇನೆ.