ಕಾಸು ಕಡಿಮೆ, ಕಡಲಾಚೆ ಹೋಗಬೇಕೆ?

ಹೈದರಾಬಾದಿನಲ್ಲಿ ವೀಸಾಕ್ಕೂ ಒಬ್ಬ ದೇವರಿದ್ದಾನೆ. ಉಸ್ಮಾನ್ ಸಾಗರದ ಬಳಿಯ ಚಿಲ್ಕೂರು ಬಾಲಾಜಿಗೆ ಹನ್ನೊಂದು ಸುತ್ತು ಹಾಕಿ ಬೇಡಿಕೊಳ್ಳಬೇಕು. ಕೆಲಸವಾದ ಮೇಲೆ ನೂರೆಂಟು ಸುತ್ತು ಹಾಕಿ ತೀರಿಸಬೇಕು. ಗುಡಿಯಲ್ಲಿ ಹುಂಡಿಯಿಲ್ಲ. ಅಲ್ಲಿ ಸುತ್ತುವವರು ಬಹುತೇಕ ಓದಿಗೋ ಕೆಲಸಕ್ಕೋ ಹೊರಟವರು. ಸುಮ್ಮನೆ ನೋಡಿಬರಲು ವಿದೇಶಕ್ಕೆ ಹೋಗುವುದು ಉಳ್ಳವರ ಬಾಬತ್ತು ಎಂಬ ಮಾತಿತ್ತು. ಈಗ ತಿಂಗಳ ಕೊನೆಯ ವಾರವನ್ನು ಎಣಿಸಿ ಕಳೆಯುವ ಮನೆಗಳಲ್ಲೂ ಬ್ಯಾಂಕಾಕ್, ಬಾಕು, ಬಾಲಿ ಎಂಬ ಹೆಸರು ಕೇಳಿಬರುತ್ತಿದೆ. ಕೈ ಬಿಗಿ ಇರುವವರು ಹೊರಡಬೇಕೆ, ಬೇಡವೆ? ಈ ಊರಿನ ಇಬ್ಬರು ಕನ್ನಡಿಗರು, ಒಬ್ಬರು ಶಾಲಾ ಶಿಕ್ಷಕಿ, ಇನ್ನೊಬ್ಬರು ಲೆಕ್ಕಪತ್ರ ನೋಡುವವರು, ವಾದಿಸಿದ್ದಾರೆ.

ಪರ: ಮೊಣಕಾಲು ಗಟ್ಟಿಯಿದ್ದಾಗಲೇ ಹೊರಡಿ

ನಮ್ಮಜ್ಜ ಕಾಚಿಗುಡದ ಮನೆಯಲ್ಲಿ ಮಲಗಿದ್ದಲ್ಲೇ ಪರರಾಜ್ಯದವರಾದರು. 1956ರ ನವೆಂಬರ್ 1ಕ್ಕೆ ರಾಜ್ಯಗಳನ್ನು ಮತ್ತೆ ಹಂಚಿದಾಗ ಕಲಬುರಗಿ, ಬೀದರ್, ರಾಯಚೂರು ಕನ್ನಡದ ಕಡೆ ಹೋದವು, ಹೈದರಾಬಾದ್ ಈ ಕಡೆ ಉಳಿಯಿತು. ಮನೆಯೊಳಗೆ ಕನ್ನಡ, ಗೇಟಿನಾಚೆ ತೆಲುಗು, ಆಟೋದವನ ಹತ್ತಿರ ದಖನಿ. ಹೀಗೆ ಬೆಳೆದವರಿಗೆ ಭಾಷೆ ಬಾರದ ಊರಿನಲ್ಲಿ ಕೈಸನ್ನೆಯಿಂದ ಅನ್ನ ಕೇಳುವುದು ದೊಡ್ಡ ಸಾಹಸವೇನಲ್ಲ. ಆದರೂ ನಮ್ಮ ಪೈಕಿ ವಿದೇಶ ಎಂದರೆ ಮಗಳ ಬಾಣಂತನ. ಅಳಿಯ ಟಿಕೆಟ್ ಕಳಿಸುತ್ತಾನೆ, ತಾಯಿ ಹೋಗಿ ಆರು ತಿಂಗಳು ಅಡುಗೆ ಮಾಡಿ ಬರುತ್ತಾಳೆ. ಗೊರೂರು ರಾಮಸ್ವಾಮಿ ಅಯ್ಯಂಗಾರರಿಗೆ ಇದ್ದಂಥ ಕಣ್ಣಿದ್ದರೆ ಅಮೆರಿಕ ಕಂಡದ್ದೂ ಪುಸ್ತಕವಾಗಿ, 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದನ್ನು ಹುಡುಕಿಕೊಂಡು ಬರುತ್ತದೆ. ಉಳಿದವರ ನೆನಪಿನಲ್ಲಿ ಫ್ರಿಜ್ಜಿನ ತುಂಬ ಸಾರಿನ ಡಬ್ಬಿಗಳು.

ನಾನು, ನಮ್ಮವರು 2024ರ ಸೆಪ್ಟೆಂಬರಿನಲ್ಲಿ ನಮ್ಮದೇ ದುಡ್ಡಿನಲ್ಲಿ ಬ್ಯಾಂಕಾಕಿಗೆ ಹೋದೆವು. ಆರು ರಾತ್ರಿ, ಇಬ್ಬರಿಗೂ ಸೇರಿ 90 ಸಾವಿರದೊಳಗೆ. ತಿಂಗಳಿಗೆ 2,500ರಂತೆ ಮೂರು ವರ್ಷ ಕಟ್ಟಿದ ಆರ್‌ಡಿ ಅದು. 2023ರ ನವೆಂಬರಿನಲ್ಲಿ ಥಾಯ್ಲೆಂಡ್, ಮರುತಿಂಗಳು ಮಲೇಷ್ಯಾ ಭಾರತೀಯರಿಗೆ ವೀಸಾ ಬೇಡವೆಂದದ್ದು ನಮ್ಮ ಪಾಲಿಗೆ ಬಾಲಾಜಿ ಕಣ್ಣುಬಿಟ್ಟ ಹಾಗಾಯಿತು. ಪಾಸ್‌ಪೋರ್ಟಿಗೆ 1,500 ರೂಪಾಯಿ, ಹತ್ತು ವರ್ಷ ಬಾಳುತ್ತದೆ. ಶಂಶಾಬಾದಿನಿಂದ ಮೂರೂವರೆ ತಾಸಿನ ಹಾರಾಟ. ಕಾಚಿಗುಡದಲ್ಲಿ ಬೆಂಗಳೂರಿನ ರೈಲು ಹತ್ತಿದರೆ ರಾತ್ರಿಯಿಡೀ ಬೇಕು. ಸೆಪ್ಟೆಂಬರ್ ಎಂದರೆ ಅಲ್ಲಿ ಮಳೆಗಾಲ, ಹಾಗಾಗಿ ಟಿಕೆಟ್ಟೂ ರೂಮೂ ಅಗ್ಗ. ದಿನಕ್ಕೊಂದು ಸಲ ಸುರಿಯಿತು. ಕೊಡೆ ಹಿಡಿದೆವು, ಅಷ್ಟೆ.

ಪ್ಯಾಕೇಜಿನಲ್ಲಿ ಹೋಗಿದ್ದರೆ ಪಟ್ಟಾಯದ ಬೀಚು, ಒಂದು ರತ್ನದಂಗಡಿ, 'ಇಂಡಿಯನ್ ಡಿನ್ನರ್' ಆಗಿ ಮುಗಿಯುತ್ತಿತ್ತು. ನಾವು ಮೂರನೇ ದರ್ಜೆಯ ರೈಲು ಹತ್ತಿ ಆಯುತ್ಥಯಕ್ಕೆ ಹೋದೆವು. ಬ್ಯಾಂಕಾಕಿನಿಂದ ಸುಮಾರು 80 ಕಿಲೋಮೀಟರ್, ಟಿಕೆಟ್ಟು 20 ಬಾತ್ ಆಸುಪಾಸು. ತೆರೆದ ಕಿಟಕಿ, ತಲೆಯ ಮೇಲೆ ಗರಗರ ಫ್ಯಾನು, ಬುಟ್ಟಿ ಹಿಡಿದು ತಿಂಡಿ ಮಾರುವ ಹೆಂಗಸರು: ಗುಂತಕಲ್ ಪ್ಯಾಸೆಂಜರಿಗೂ ಇದಕ್ಕೂ ಭಾಷೆಯದೊಂದೇ ವ್ಯತ್ಯಾಸ.

ಹಂಪಿಗೆ ಐದು ಸಲ ಹೋಗಿದ್ದೇನೆ. ಅದನ್ನು ನೋಡಿದ್ದು ಮಾತ್ರ ಆಯುತ್ಥಯದಲ್ಲಿ. ವಿಜಯನಗರ ಕಟ್ಟಿದ್ದು 1336ರಲ್ಲಿ, ಆಯುತ್ಥಯ 1351ರಲ್ಲಿ. ನಮ್ಮದು 1565ರಲ್ಲಿ ಹಾಳಾಯಿತು. ಅವರದನ್ನು 1767ರಲ್ಲಿ ಬರ್ಮಾದ ಸೇನೆ ಸುಟ್ಟಿತು. ಅಯೋಧ್ಯೆಯಿಂದ ಹೆಸರು ಪಡೆದ ಆ ಊರಿನಲ್ಲಿ ಸಾಲುಸಾಲು ಬುದ್ಧರು ಕೂತಿದ್ದಾರೆ, ಬಹಳ ಜನಕ್ಕೆ ತಲೆಯಿಲ್ಲ. ಒಂದು ತಲೆಯನ್ನು ಮರದ ಬೇರು ಸುತ್ತಿ ಎತ್ತಿಹಿಡಿದಿದೆ. ಅದರ ಮುಂದೆ ನಿಂತಾಗ ನನಗೆ ಕೈಕಾಲು ಮುರಿದ ಉಗ್ರನರಸಿಂಹ ಕಂಡ. ಹಂಪಿಯ ಕಥೆಯನ್ನು ನಾವು ಇವರು ಕೆಡವಿದರು, ಅವರು ಕೆಡವಿದರು ಎಂದು ಜಗಳವಾಡುತ್ತ ಕೇಳಿದವರು. ಆಯುತ್ಥಯದಲ್ಲಿ ಕೆಡವಿದವರೂ ಬೌದ್ಧರೇ, ಕೆಡವಿಸಿಕೊಂಡವರೂ ಬೌದ್ಧರೇ. ನಾನು ಮಕ್ಕಳಿಗೆ ಇತಿಹಾಸ ಹೇಳಿಕೊಡುವವಳು. ಆ ಪಾಠವನ್ನು ಈಗ ಮೊದಲಿನ ಹಾಗೆ ಮಾಡಲು ಆಗುತ್ತಿಲ್ಲ.

ಇನ್ನೊಂದು ಮಾತು. ಹದಿನೇಳನೇ ಶತಮಾನದಲ್ಲಿ ಗೋಲ್ಕೊಂಡ ರಾಜ್ಯದ ಮಚಲಿಪಟ್ಟಣದಿಂದ ಇದೇ ಥಾಯ್ಲೆಂಡಿಗೆ, ಆಗಿನ ಸಯಾಮಿಗೆ, ಬಟ್ಟೆ ಹೋಗುತ್ತಿತ್ತು. ನಾವು ಹೋದದ್ದು ಹಳೆಯ ಗಿರಾಕಿಯ ಮನೆಗೇ.

ಇಷ್ಟೂ ದುಡ್ಡಿಲ್ಲದವರಿಗೆ ನೇಪಾಳವಿದೆ. ನಮ್ಮೂರಿನಿಂದ ಗಡಿಯ ರಕ್ಸೌಲಿಗೆ ನೇರ ರೈಲೇ ಇದೆ. ರಕ್ಸೌಲ್ ದಾಟಿದರೆ ಬೀರಗಂಜ್. ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಗುರುತಿನ ಚೀಟಿ ನಡೆಯುತ್ತದೆ. ನಮ್ಮ ನೂರು ರೂಪಾಯಿ ಅಲ್ಲಿ ನೂರ ಅರವತ್ತು. ಪಶುಪತಿನಾಥನ ಮುಖ್ಯ ಅರ್ಚಕರು ಕರ್ನಾಟಕದಿಂದ ಹೋದ ಭಟ್ಟರು. ದೇವರ ಹತ್ತಿರ ಮಾತಾಡಲು ದುಭಾಷಿಯೂ ಬೇಕಿಲ್ಲ.

ಕೊಚ್ಚಿಯ ಚಹಾ ಅಂಗಡಿಯ ಕೆ.ಆರ್. ವಿಜಯನ್, ಮೋಹನಾ ದಂಪತಿಯನ್ನು ನೆನೆಯಿರಿ. ಲೋಟ ತೊಳೆದ ದುಡ್ಡು ಕೂಡಿಸಿ 2007ರಿಂದ 25ಕ್ಕೂ ಹೆಚ್ಚು ದೇಶ ನೋಡಿದರು. 2021ರಲ್ಲಿ ರಷ್ಯಾ ನೋಡಿ ಬಂದ ಸ್ವಲ್ಪ ದಿನಕ್ಕೆ, ನವೆಂಬರಿನಲ್ಲಿ, ವಿಜಯನ್ ತೀರಿಕೊಂಡರು. ನನ್ನ ತಾಯಿಗೆ ಕಾಠ್ಮಂಡು ನೋಡುವ ಆಸೆಯಿತ್ತು. ನಿವೃತ್ತಿಯಾಗಲಿ, ಗ್ರಾಚ್ಯುಟಿ ಬರಲಿ ಎಂದರು. ಎರಡೂ ಆದವು. ಈಗ ಅವರು ನಮ್ಮ ಮನೆಯ ಮೂರು ಮೆಟ್ಟಿಲು ಇಳಿಯಲು ನನ್ನ ಭುಜ ಹಿಡಿಯುತ್ತಾರೆ.

ವಿರೋಧ: ಬಿಟ್ಟ ಸಾಲುಗಳನ್ನೂ ಕೂಡಿಸಿ

ಬೀದರಿನ ನಮ್ಮ ಮಾತಿನಲ್ಲಿ ಹೇಳುವುದಾದರೆ, ಶಿಕ್ಷಕಿಯವರ ಲೆಕ್ಕ ಬರೋಬರಿ ಅದ, ಖರೆ ಪೂರಾ ಇಲ್ಲ. ಎಲ್ಲವೂ ನೆಟ್ಟಗೆ ನಡೆದ ಪ್ರವಾಸದ ಲೆಕ್ಕ ಅದು.

ನನ್ನ ತಮ್ಮ ಹೆಂಡತಿ, ಎರಡು ಮಕ್ಕಳ ಜೊತೆ ಕೌಲಾಲಂಪುರಕ್ಕೆ ಹೋದ. ಬಜೆಟ್ಟು 1 ಲಕ್ಷ 60 ಸಾವಿರ. ಟಿಕೆಟ್ಟು ಅತಿ ಅಗ್ಗದ್ದು, ರದ್ದು ಮಾಡಿದರೆ ಕಾಸೂ ಬರದು. ವಿಮೆ ದಂಡ ಎಂದು ಬಿಟ್ಟ. ಮೂರನೇ ದಿನ ಸಣ್ಣವನಿಗೆ ಡೆಂಗಿ. ಆಸ್ಪತ್ರೆ, ಅದರ ಹತ್ತಿರದ ಹೋಟೆಲು, ತಪ್ಪಿಹೋದ ವಿಮಾನ, ಕೊನೆ ಗಳಿಗೆಯ ನಾಲ್ಕು ಹೊಸ ಟಿಕೆಟ್ಟು: ಮನೆ ಮುಟ್ಟುವ ಹೊತ್ತಿಗೆ ನಾಲ್ಕು ಲಕ್ಷ ದಾಟಿತ್ತು. ಉಳ್ಳವನಿಗೆ ಇದು ಕೆಟ್ಟ ರಜೆ. ತಮ್ಮನಿಗೆ ಎರಡು ವರ್ಷದ ಕ್ರೆಡಿಟ್ ಕಾರ್ಡ್ ಬಾಕಿ, ತಿಂಗಳಿಗೆ ಮೂರೂವರೆ ಪರ್ಸೆಂಟಿನಂತೆ. ಸಣ್ಣ ಬಜೆಟ್ಟಿನ ನಿಜವಾದ ತೊಂದರೆ ಇದೇ. ಹೋಗಲು ಸಾಕಾಗುತ್ತದೆ, ಎಡವಿದರೆ ಎದ್ದು ಬರಲು ಸಾಕಾಗುವುದಿಲ್ಲ.

ಎಡವದಿದ್ದರೂ ಸೋರಿಕೆ ಇದ್ದೇ ಇದೆ. ಅಗ್ಗದ ವಿಮಾನದಲ್ಲಿ ಏಳು ಕಿಲೋ ಕೈಚೀಲದಾಚೆ ಚೀಲಕ್ಕೆ ಬೇರೆ, ಸೀಟಿಗೆ ಬೇರೆ, ಅನ್ನಕ್ಕೆ ಬೇರೆ ದುಡ್ಡು. ನಮ್ಮ ಕಾರ್ಡು ಅಲ್ಲಿ ಉಜ್ಜಿದರೆ ಬಹಳ ಬ್ಯಾಂಕುಗಳು ಮೂರೂವರೆ ಪರ್ಸೆಂಟ್ ಹಿಡಿಯುತ್ತವೆ, ಮೇಲೆ ಜಿಎಸ್‌ಟಿ. ಥಾಯ್ಲೆಂಡಿನ ಎಟಿಎಂ ಹೊರಗಿನ ಕಾರ್ಡಿಗೆ ಪ್ರತಿ ಸಲ 220 ಬಾತ್‌ನಷ್ಟು ಕೀಳುತ್ತದೆ. ಶಿಕ್ಷಕಿಯವರ ಆ ರೈಲಿನಲ್ಲಿ ಆ ದುಡ್ಡಿಗೆ ಹನ್ನೊಂದು ಸಲ ಓಡಾಡಬಹುದು. ಪ್ಯಾಕೇಜ್ ಕೊಂಡರೆ ಟಿಸಿಎಸ್ ಎಂಬ ತೆರಿಗೆ ಮುಂಗಡವಾಗಿ ಹಿಡಿಯುತ್ತಾರೆ. ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ ಎಂದು ನಾನೇ ಗಿರಾಕಿಗಳಿಗೆ ಹೇಳುತ್ತೇನೆ, ಆದರೆ ಅಲ್ಲಿಯತನಕ ಸಿಕ್ಕಿಕೊಂಡಿರುವುದು ಮಗಳ ಶಾಲೆಯ ಫೀಜು. ಯುರೋಪಿನ ಮಾತು ಬಿಡಿ: ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯುರೋ. ಅರ್ಜಿ ತಿರಸ್ಕಾರವಾದರೆ ಆ ಶುಲ್ಕ ಅವರದೇ, ಬಾಲಾಜಿಗೆ ಹಾಕಿದ ಹನ್ನೊಂದು ಸುತ್ತು ನಮ್ಮದೇ. ವೀಸಾ ಬೇಡ ಎನ್ನುವ ದೇಶಗಳೂ ಇವತ್ತು ಬೇಡ ಎಂದದ್ದನ್ನು ನಾಳೆ ಬೇಕು ಎನ್ನಬಹುದು.

ಮತ್ತೆ ಯಾರೂ ಬರೆಯದ ಬಾಬತ್ತೊಂದಿದೆ, ಚಾಕಲೇಟಿನದು. ವಿದೇಶಕ್ಕೆ ಹೋಗಿ ಬರಿಗೈಯಲ್ಲಿ ಬಂದರೆ ಅಪಾರ್ಟ್‌ಮೆಂಟಿನ ವಾಚ್‌ಮನ್ನೂ ಮುಖ ತಿರುಗಿಸುತ್ತಾನೆ. ಅತ್ತೆಗೆ ಟೈಗರ್ ಬಾಮ್, ಭಾವನಿಗೆ ಡ್ಯೂಟಿ ಫ್ರೀ, ಆಫೀಸಿಗೆ ಎರಡು ಡಬ್ಬಿ.

ವಿಜಯನ್ ಅವರ ಬಗ್ಗೆ ನನಗೂ ಗೌರವವಿದೆ. ಆದರೆ ಅವರು ಪ್ರವಾಸಕ್ಕೆ ಸಾಲ ಮಾಡುತ್ತಿದ್ದರು, ಬಂದು ವರ್ಷಗಟ್ಟಲೆ ತೀರಿಸುತ್ತಿದ್ದರು. ಹೆಸರಾದ ಮೇಲೆ ಪ್ರಾಯೋಜಕರೂ ಸಿಕ್ಕರು. ಅಂಗಡಿ ಅವರದೇ. ತಿಂಗಳ ಸಂಬಳದವನಿಗೆ ಈಗ ಫೋನಿನಲ್ಲೇ 'ಮೊದಲು ಹೋಗಿ, ಆಮೇಲೆ ಕಟ್ಟಿ' ಎಂಬ ಸಾಲ ಕಾದಿದೆ. ವಿಜಯನ್ ಕಥೆ ಕೇಳಿ ಉಬ್ಬಿದವನು ಅದನ್ನೇ ಒತ್ತುತ್ತಾನೆ. ಆರ್‌ಡಿ ಕಟ್ಟಿ ಮೂರು ವರ್ಷ ಕಾಯುವವರು ಶಿಕ್ಷಕಿಯವರಂಥ ಕೆಲವರು, ಅವರ ಜೊತೆ ನನ್ನ ತಕರಾರಿಲ್ಲ. ಅಗ್ಗದ ವಿಮಾನ ತುಂಬುವುದು ಅವರಿಂದಲ್ಲ.

ಎಲ್ಲರೂ ವಿಮಾನ ಹತ್ತುವುದು ನೋಡಿಬರಲೂ ಅಲ್ಲ. ಇದೇ ಊರಿನ ಬಾರ್ಕಸ್, ಟೋಲಿಚೌಕಿಯಲ್ಲಿ ವಿಮಾನ ಎಂದರೆ ದುಡಿಮೆಗೆ ಕೊಲ್ಲಿಗೆ ಹೋಗುವುದು. ಈಚೆಗೆ ಕೆಲಸದ ಆಸೆಗೆ ಥಾಯ್ಲೆಂಡಿಗೆ ಪ್ರವಾಸಿಗಳಂತೆ ಇಳಿದ ತೆಲುಗು ಹುಡುಗರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿಯ ಸೈಬರ್ ವಂಚನೆಯ ಅಡ್ಡೆಗಳಿಗೆ ಹಾಕಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಪುಕ್ಕಟೆ ಟಿಕೆಟ್ ಕೊಟ್ಟವನು ಯಾರು ಎಂದು ಕೇಳದವರು ಅವರು.

ನೋಡಬೇಕೆಂಬ ಹಸಿವೇ ಇದ್ದರೆ ಇಲ್ಲಿಂದ 140 ಕಿಲೋಮೀಟರಿಗೆ ಬೀದರ್ ಇದೆ, ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ಇರಾನಿನ ಗಿಲಾನ್‌ನಿಂದ ಬಂದ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಗೋಡೆಯಲ್ಲಿ ಬಣ್ಣದ ಹೆಂಚುಗಳು ಇನ್ನೂ ಅಂಟಿಕೊಂಡಿವೆ. ಹೈದರಾಬಾದಿನ ಎಷ್ಟು ಕನ್ನಡ ಮನೆಯವರು ಅದರ ಕೆಳಗೆ ನಿಂತಿದ್ದಾರೆ?

ಗವಾನ್ ಅಧಿಕಾರದಲ್ಲಿದ್ದಾಗಲೇ ನಮ್ಮೂರಿಗೆ ಕೈಬಿಗಿ ಇದ್ದ ಒಬ್ಬ ವಿದೇಶಿ ಬಂದಿದ್ದ: ರಷ್ಯಾದ ತ್ವೇರ್ ಊರಿನ ವರ್ತಕ ಅಫನಾಸಿ ನಿಕಿತಿನ್. ವೋಲ್ಗಾ ನದಿಯಲ್ಲಿ ಅಸ್ತ್ರಖಾನಿನ ಹತ್ತಿರ ಸರಕೆಲ್ಲ ಲೂಟಿಯಾಯಿತು. ಹಿಂದಿರುಗಿದರೆ ಸಾಲ ಕೊಟ್ಟವರು ಕಾದಿದ್ದರು. ಮುಂದೆ ಹೋದ, ಪರ್ಷಿಯಾ ದಾಟಿ ಸಮುದ್ರ ದಾಟಿ ಒಂದು ಕುದುರೆ ಮಾರಲು ಬೀದರಿಗೆ ಬಂದ. ವಾಪಸ್ ಹೊರಟವನು ಸ್ಮೊಲೆನ್ಸ್ಕ್ ಮುಟ್ಟುವ ಮುಂಚೆಯೇ ಸತ್ತ. ಶಿಕ್ಷಕಿಯವರಿಗೆ ಉತ್ತರವಾಗಿ ಅವನನ್ನು ತೋರಿಸೋಣ ಎಂದುಕೊಂಡು ಕೂತೆ. ತೊಂದರೆ ಏನೆಂದರೆ, ಅಮೀರರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಹೋಗುತ್ತಿದ್ದಾಗ ಹಳ್ಳಿಯವರು ಬಡತನದಲ್ಲಿ ಬೇಯುತ್ತಿದ್ದರು ಎಂಬುದನ್ನು ಕಂಡು ಬರೆದಿಟ್ಟವನು ಅವನು. ಖರ್ಚನ್ನೂ ಬಿಟ್ಟಿಲ್ಲ: ಕುದುರೆಯನ್ನು ಒಂದು ವರ್ಷ ಸಾಕಿದ್ದಕ್ಕೆ, ಅಂದಿನ ನಾಣ್ಯದಲ್ಲಿ, 68 ಫುತೂನ್.